ರಜಾಪಟ್ಟಿಯಲ್ಲಿಲ್ಲದ ಹಬ್ಬಗಳು

ಕಳೆದ ತಿಂಗಳು ರಂಗೂನಿನಿಂದ ನನಗೊಂದು ಕಾಗದ ಬಂತು. ಬರೆದವಳು ನಮ್ಮ ಮಿಸ್ಸಮ್ಮನ ತಮ್ಮನ ಮಗಳು. ಮಿಸ್ಸಮ್ಮ ತೀರಿಕೊಂಡರೆಂದು, ನಿದ್ದೆಯಲ್ಲೇ ಹೋದರೆಂದು ಎರಡು ಸಾಲಿನಲ್ಲಿ ತಿಳಿಸಿ, ಆಮೇಲೆ ಒಂದಿಡೀ ಪುಟ ಪ್ರಶ್ನೆ ಕೇಳಿದ್ದಳು. ದೇವನಹಳ್ಳಿ ಅನ್ನುವ ಊರು ನಿಜವಾಗಿ ಇದೆಯೇ? ಅತ್ತೆ ಅಲ್ಲಿ ಕಚೇರಿ ಕೆಲಸ ಮಾಡುತ್ತಿದ್ದರೋ, ಅಥವಾ ನಾಲ್ಕು ವರ್ಷವೂ ಬರೀ ಹಬ್ಬ ಮಾಡಿಕೊಂಡಿದ್ದರೋ? ಒಬ್ಬ ವಯಸ್ಸಾದ ಗುಮಾಸ್ತರು ಮಳೆಯಿಲ್ಲದ ದಿನ ಕಚೇರಿಯ ಒಳಗೆ ಕೊಡೆ ಹಿಡಿದು ನಿಂತಿದ್ದರಂತೆ, ಅದು ಅತ್ತೆ ಕಟ್ಟಿದ ಕಥೆಯೇ?

ಎಲ್ಲವೂ ನಿಜ ಎಂದು ಬರೆದು ಹಾಕಿದೆ. ಪರದೇಶಕ್ಕೆ ಹೋಗುವ ಅಂಚೆ ಹಾಳೆಯಲ್ಲಿ ಎಷ್ಟು ಹಿಡಿಸೀತು? ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ನಾನು ಆ ಹೆಸರು ಹೇಳಿದಾಗಲೆಲ್ಲ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರ ಭಾಷೆಯಲ್ಲಿ ಸ್ವರ ಸ್ವಲ್ಪ ಎಳೆದರೆ ಒಂದು ಅರ್ಥ, ಮೊಟಕು ಮಾಡಿದರೆ ಇನ್ನೊಂದು. ನನ್ನ ಬಾಯಲ್ಲಿ ಅವರು ಏನಾಗುತ್ತಿದ್ದರೋ, ಕೊನೆಯವರೆಗೂ ಹೇಳಲಿಲ್ಲ. ಊರಿಗೆಲ್ಲ ಅವರು ರಂಗೂನ್ ಮಿಸ್ಸಮ್ಮ. ನನಗೂ ಅಷ್ಟೇ.

ನಾನು ನಲ್ಲೂರಿನವಳು. ಅಪ್ಪನಿಗೆ ಹೊಲ ಇತ್ತು, ಹೊಲದ ಆಚೆಗೆ ಹಳೆಯ ಹುಣಸೇತೋಪು. ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತಿದ್ದೆ. ಆ ಕಾಲಕ್ಕೆ ನಮ್ಮ ಕಡೆ ಹೆಣ್ಣುಮಗಳೊಬ್ಬಳು ಟೈಪ್ ಹೊಡೆಯುವುದೆಂದರೆ ಹಗ್ಗದ ಮೇಲೆ ನಡೆದಷ್ಟೇ ದೊಡ್ಡ ವಿಷಯ. ನಲವತ್ತೆರಡರ ಬೇಸಿಗೆಯಲ್ಲಿ ವಿಶ್ವವಿದ್ಯಾನಿಲಯದ ವಿನಿಮಯ ಕಚೇರಿ ದೇವನಹಳ್ಳಿಗೆ ಬಂತು. ಇಲ್ಲಿಯ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಓದಲು ಕಳಿಸುವುದು, ಅಲ್ಲಿಯವರನ್ನು ಇಲ್ಲಿಗೆ ಕರೆಸುವುದು ಆ ಕಚೇರಿಯ ಕೆಲಸ. ಯುದ್ಧದ ದಿನ, ಬೆಂಗಳೂರಿನಲ್ಲಿದ್ದ ಕಟ್ಟಡ ಸೈನ್ಯದವರಿಗೆ ಬೇಕಾಯಿತು. ಹಾಗಾಗಿ ಎರಡು ಬೀರು, ಒಂದು ಟೈಪ್‌ರೈಟರು, ಒಬ್ಬ ಹೆಡ್ ಗುಮಾಸ್ತರು, ಒಬ್ಬರು ಮಿಸ್ಸಮ್ಮ ಇಷ್ಟನ್ನೂ ಕೋಟೆಯೊಳಗಿನ ಒಂದು ಹಳೆಯ ಛತ್ರಕ್ಕೆ ತಂದು ಇಳಿಸಿದರು. ಟೈಪಿಸ್ಟು ಬೇಕೆಂದು ಸುದ್ದಿ ಬಂದಾಗ ನನ್ನ ಸೋದರತ್ತೆ ನಲ್ಲೂರಿಗೆ ಹೇಳಿಕಳಿಸಿದರು. ಅತ್ತೆಯ ಮನೆ ಛತ್ರದ ಎದುರಿಗೇ ಇತ್ತು. ಗಂಡ ತೀರಿಕೊಂಡು ಒಬ್ಬರೇ ಇದ್ದರು. ಅವರ ಮನೆಯ ಮುಂದಿನ ಕೋಣೆಯಲ್ಲಿ ಮಿಸ್ಸಮ್ಮ, ನಡುಮನೆಯಲ್ಲಿ ನಾನು.

ಮಿಸ್ಸಮ್ಮ ಬರ್ಮಾದವರು. ರಂಗೂನಿನಲ್ಲಿ ಇದೇ ತರಹದ ಕಚೇರಿಯಲ್ಲಿದ್ದರು. ಒಂದು ವರ್ಷದ ಮಟ್ಟಿಗೆ ಇಲ್ಲಿಯ ಕೆಲಸ ನೋಡಿಕೊಂಡು ಹೋಗಲು ಬಂದಿದ್ದವರು ವಾಪಸು ಹೋಗುವ ಮೊದಲೇ ಅಲ್ಲಿ ಬಾಂಬು ಬಿದ್ದು, ಊರು ಜಪಾನಿನವರ ಕೈಗೆ ಹೋಯಿತು. ಹಡಗಿಲ್ಲ, ಅಂಚೆಯಿಲ್ಲ. ಊರಲ್ಲಿ ಅಮ್ಮ, ಶಾಲೆಗೆ ಹೋಗುವ ತಮ್ಮ.

"ವಿನಿಮಯದಲ್ಲಿ ಬಂದು ವಾಪಸು ಹೋಗ್ದೇ ಉಳ್ಕೊಂಡಿರೋ ಸಾಮಾನು ನಾನು" ಎಂದು ಹೇಳಿಕೊಂಡು ನಗುತ್ತಿದ್ದರು. ನಗುವಾಗ ಅವರ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು.

ಅವರು ಉಡುತ್ತಿದ್ದದ್ದು ಬಣ್ಣಬಣ್ಣದ ಲುಂಗಿ. ಮೊದಲ ವಾರ ಕೋಟೆಯ ಬೀದಿಯ ಹೆಂಗಸರು ಜಗಲಿಯ ಮೇಲೆ ಸಾಲಾಗಿ ಕೂತು ನೋಡಿದರು. "ಗಂಡಸ್ರ ಲುಂಗಿ ಉಟ್ಕೊಂಡು ಆಪೀಸಿಗೆ ಓಯ್ತಾಳಲ್ಲೇ!" ಎರಡನೇ ವಾರ ಅವರ ಕೆನ್ನೆಯ ಮೇಲಿನ ಗಂಧದ ಲೇಪ ಕಣ್ಣಿಗೆ ಬಿತ್ತು. ಅವರ ಊರಿನಲ್ಲಿ ಅದೇನೋ ಮರದ ತೊಗಟೆ ತೇಯ್ದು ಹಚ್ಚಿಕೊಳ್ಳುತ್ತಾರಂತೆ, ಬಿಸಿಲಿಗೆ ತಂಪು. ಅದು ಸಿಗದೆ ಇಲ್ಲಿ ಗಂಧ ತೇಯ್ದು ಬಳಿದುಕೊಳ್ಳುತ್ತಿದ್ದರು. ದಿನಾ ಬೆಳಿಗ್ಗೆ ಗಂಧ ಹಚ್ಚಿಕೊಂಡು ಹೋಗುವ ಹೆಂಗಸು ಎಂದಮೇಲೆ ಭಕ್ತಿವಂತಳೇ ಇರಬೇಕೆಂದು ತೀರ್ಮಾನವಾಗಿ, ಲುಂಗಿಯ ಮಾತು ಅಲ್ಲಿಗೆ ಬಿಟ್ಟುಹೋಯಿತು.

"ನಿಮ್ದು ಯಾವ ದೇವ್ರಮ್ಮ?" ಎಂದು ನನ್ನತ್ತೆ ಕೇಳಿದರು.

"ಬುದ್ಧ."

"ಅಯ್ಯೋ, ಅವ್ನು ನಮ್ಮೋನೇ. ದಶಾವತಾರದಲ್ಲಿ ಬರ್ತಾನೆ" ಎಂದು ಅತ್ತೆ ಅಂದೇ ಅವರನ್ನು ಒಳಗಿನ ಅಡಿಗೆಮನೆಗೆ ಬಿಟ್ಟುಕೊಂಡರು.

ನಾನು ಅತ್ತೆ ಎನ್ನುವುದನ್ನು ಕೇಳಿ ಮಿಸ್ಸಮ್ಮನೂ ಅತ್ತೆ ಎನ್ನತೊಡಗಿದರು. ಮದುವೆಯಾಗದ ಹೆಂಗಸು "ಅತ್ತೇ, ಬಂದೆ" ಎಂದು ಕೂಗಿಕೊಂಡು ಒಳಗೆ ಬರುವುದನ್ನು ಕೇಳಿ ಅಕ್ಕಪಕ್ಕದವರು ಸೆರಗು ಬಾಯಿಗಿಟ್ಟುಕೊಂಡರು. ಅರ್ಥ ತಿಳಿದಮೇಲೂ ಅವರು ಬಿಡಲಿಲ್ಲ. "ಮಗ ಇಲ್ಲದ ಅತ್ತೆ ಒಳ್ಳೇದು. ಗಂಡನ ತೊಂದರೆ ಇಲ್ಲ" ಎಂದರು.

ಅವರ ಕನ್ನಡಕ್ಕೆ ಇಬ್ಬರು ಗುರುಗಳು. ಬೆಳಿಗ್ಗೆ ಹೆಡ್ ಗುಮಾಸ್ತರಿಂದ ವ್ಯಾಕರಣಬದ್ಧವಾದ ಕನ್ನಡ, ಸಂಜೆ ಸ್ಟೇಷನ್ನಿಗೆ ಟಪಾಲು ಒಯ್ಯುವಾಗ ಜಟಕಾ ಸಾಬರಿಂದ ಇನ್ನೊಂದು ಕನ್ನಡ. ಯಾವುದನ್ನು ಯಾರ ಹತ್ತಿರ ಆಡಬೇಕೆಂಬುದು ಮಾತ್ರ ಬಹಳ ದಿನ ಗೊತ್ತಾಗಲಿಲ್ಲ. ಅತ್ತೆಯ ಹತ್ತಿರ "ತಾವು ಭೋಜನವನ್ನು ಪೂರೈಸಿದಿರಾ?" ಎನ್ನುತ್ತಿದ್ದರು. ಬೆಂಗಳೂರಿನಿಂದ ತಪಾಸಣೆಗೆಂದು ಸೂಟು ಹಾಕಿಕೊಂಡ ದೊಡ್ಡ ಅಧಿಕಾರಿ ಬಂದಾಗ, ಬಾಗಿಲಿನವರೆಗೆ ಹೋಗಿ ಕೈಮುಗಿದು ಬಹಳ ಮರ್ಯಾದೆಯಿಂದ "ಬಾರ್ಲಾ, ಕುಂತ್ಕೋ" ಅಂದುಬಿಟ್ಟರು. ಹೆಡ್ ಗುಮಾಸ್ತರ ಕೈಯಲ್ಲಿದ್ದ ಫೈಲು ಕೆಳಗೆ ಬಿತ್ತು. ಅಧಿಕಾರಿ ಕೋಟಿನ ಗುಂಡಿ ಬಿಚ್ಚುತ್ತ, "ಕುಂತ್ಕೋತೀನಿ ಕಣಮ್ಮ" ಎಂದು ಕೂತರು. ಅವರೂ ಹೊಸಕೋಟೆ ಕಡೆಯ ಹಳ್ಳಿಯವರೇ. ಆ ವರ್ಷದ ತಪಾಸಣೆ ಬಹಳ ಚೆನ್ನಾಗಿ ಆಯಿತು.

ಹಡಗೇ ಓಡದ ಕಾಲದಲ್ಲಿ ವಿನಿಮಯ ಕಚೇರಿಗೆ ಏನು ಕೆಲಸ ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಬರ್ಮಾದಲ್ಲಿದ್ದ ನಮ್ಮವರು ಕಾಡು ಬೆಟ್ಟ ದಾಟಿ ತಿಂಗಳುಗಟ್ಟಲೆ ನಡೆದು ಬರುತ್ತಿದ್ದರು. ಅವರ ಮಕ್ಕಳು ಅಲ್ಲಿ ಕಾಲೇಜು ಓದುತ್ತಿದ್ದವರು. ಮೈಮೇಲಿನ ಬಟ್ಟೆ ಬಿಟ್ಟರೆ ಕೈಯಲ್ಲಿ ಒಂದು ಚೂರು ಕಾಗದವಿಲ್ಲ. ಅವರು ನಿಜವಾಗಿ ಎಲ್ಲಿಯವರೆಗೆ ಓದಿದ್ದರೆಂದು ವಿಚಾರಿಸಿ, ನಮಗೆ ನಂಬಿಕೆ ಬಂದರೆ, ಇಲ್ಲಿಯ ಕಾಲೇಜಿಗೆ ಸೇರಿಸಿಕೊಳ್ಳಿರೆಂದು ಬರೆಯುವುದು ನಮ್ಮ ಕೆಲಸವಾಯಿತು. ಇಡೀ ಸಂಸ್ಥಾನದಲ್ಲಿ ಆ ಕೆಲಸಕ್ಕೆ ಮಿಸ್ಸಮ್ಮನಂಥವರು ಇನ್ನೊಬ್ಬರಿರಲಿಲ್ಲ. ಲೈಬ್ರರಿಯ ಮುಂದೆ ಯಾವ ಮರ ಇದೆ? ಗೇಟಿನ ಹತ್ತಿರ ಹುರಿದ ಬೀಜ ಮಾರುವವನ ಯಾವ ಕಾಲು ಕುಂಟು? ರಸಾಯನಶಾಸ್ತ್ರದ ಮೇಷ್ಟ್ರು ಸಿಟ್ಟು ಬಂದಾಗ ಏನು ಮಾಡ್ತಾರೆ? ಇಂಥವನ್ನು ಕೇಳುತ್ತಿದ್ದರು. ನಿಜವಾಗಿ ಓದಿದವರು ಮೂರನೇ ಪ್ರಶ್ನೆಗೆ ನಗುತ್ತಿದ್ದರು. ಸುಳ್ಳು ಹೇಳಲು ಬಂದವರು ಬೆವರುತ್ತಿದ್ದರು.

ದಿನಾ ಬರುವ ಕಾಗದಗಳಿಗೆ ಅಂದಂದೇ ಉತ್ತರ ಹೋಗಬೇಕು. ಯುಗಾದಿಯಾಗಲಿ, ರಂಜಾನ್ ಆಗಲಿ, ಕ್ರಿಸ್‌ಮಸ್ ಆಗಲಿ, ಬೆಳಿಗ್ಗೆ ಮೊದಲು ಟಪಾಲು, ಆಮೇಲೆ ಹೋಳಿಗೆ. "ಕಾಗದ ಕಾಯ್ತಾ ಕೂತೋರಿಗೆ ಹಬ್ಬ ಇಲ್ಲ, ಟೈಪು" ಎನ್ನುತ್ತಿದ್ದರು. ಟೈಪು ಎಂದರೆ ನಾನು. ಹೀಗೆಂದ ಮಾತ್ರಕ್ಕೆ ಹಬ್ಬಕ್ಕೆ ಕಡಮೆ ಬೀಳುತ್ತಿತ್ತೆಂದಲ್ಲ. ಕಡೇ ಲಕೋಟೆಗೆ ಅಂಟು ಬಳಿದ ತಕ್ಷಣ ಲುಂಗಿ ಎತ್ತಿಕಟ್ಟಿ ಬೀದಿಗೆ ಬಂದುಬಿಡುತ್ತಿದ್ದರು. ಗೌರಿಗೆ ಬಾಗಿನ ಕೊಡುತ್ತಿದ್ದರು, ಮೊಹರಂ ಬಂದರೆ ಬಾಬಯ್ಯನ ಹಬ್ಬದಲ್ಲಿ ಪಾನಕ ಹಂಚುತ್ತಿದ್ದರು, ಗಣೇಶನನ್ನು ಬಿಡುವಾಗ ಎಲ್ಲರಿಗಿಂತ ಮುಂದೆ ನಿಂತು ಕುಣಿಯುತ್ತಿದ್ದರು. ಮಾರನೆಯ ದಿನ ಎಂಟೂವರೆಗೆ ಮೇಜಿನ ಮುಂದೆ, ಗಂಧ ಬಳಿದ ಕೆನ್ನೆ, ಪೆನ್ಸಿಲು ಕಿವಿಯ ಹಿಂದೆ.

ಅವರ ಊರಿನ ದೊಡ್ಡ ಹಬ್ಬ ತಿಂಜಾನ್. ಏಪ್ರಿಲ್ ನಡುವಿನಲ್ಲಿ ಬರುತ್ತದೆ. ಹೊಸ ವರ್ಷವಂತೆ, ಮೂರು ನಾಲ್ಕು ದಿನ ಊರಿಗೆ ಊರೇ ನೀರೆರಚಿಕೊಳ್ಳುವುದಂತೆ. ನಲವತ್ತೆರಡರಲ್ಲಿ, ಛತ್ರಕ್ಕೆ ಬಂದ ಹೊಸದರಲ್ಲೇ, ಅವರು ಹೆಡ್ ಗುಮಾಸ್ತರನ್ನು ಒಂದು ದಿನದ ಮಟ್ಟಿಗೆ ರಜಾ ಕೇಳಿದರು. ಕೆಲಸದಲ್ಲಿ ಮಿಸ್ಸಮ್ಮನೇ ಮೇಲಿನವರು, ಆದರೆ ರಜಾಪಟ್ಟಿ, ಹಾಜರಿ ಪುಸ್ತಕ ಇವೆರಡರ ವಿಷಯದಲ್ಲಿ ಹೆಡ್ ಗುಮಾಸ್ತರ ಮೇಲೆ ಯಾರೂ ಇರಲಿಲ್ಲ. ಐವತ್ತೈದು ದಾಟಿದ ಮಡಿವಂತರು. ಕೆಂಪಂಚಿನ ರುಮಾಲು, ಮುಚ್ಚುಕೋಟು, ಯಾವ ಕಾಲಕ್ಕೂ ಕಂಕುಳಲ್ಲೊಂದು ಕೊಡೆ.

"ಪಟ್ಟಿಯಲ್ಲಿ ಇಲ್ಲದ ಹಬ್ಬಕ್ಕೆ ರಜಾ ಕೊಡೋಕೆ ಬರೋದಿಲ್ಲ ಮೇಡಂ. ಕ್ಷಮಿಸಬೇಕು."

"ಸೂರ್ಯ ಮೇಷಕ್ಕೆ ಹೋಗುವ ದಿನ. ಅದಕ್ಕೆ ಹಬ್ಬ" ಎಂದರು ಮಿಸ್ಸಮ್ಮ, ಬಹಳ ಹೊತ್ತು ಪದ ಹುಡುಕಿ.

ಹೆಡ್ ಗುಮಾಸ್ತರು ಕನ್ನಡಕ ಮೇಲೇರಿಸಿ, ಮೇಜಿನ ಖಾನೆಯಿಂದ ಪಂಚಾಂಗ ತೆಗೆದರು. ಹಾಳೆ ತಿರುವಿದರು. ಬೆರಳಿಟ್ಟರು. ಅವರ ಮುಖದಲ್ಲಿ ನಿಧಾನವಾಗಿ ಏನೋ ಬೆಳಗತೊಡಗಿತು.

"ಮೇಷ ಸಂಕ್ರಮಣ! ಏನಂದ್ರಿ ನಿಮ್ಮ ಹಬ್ಬದ ಹೆಸರು? ತಿಂಜಾನ್? ಸಂಕ್ರಾನ್... ತಿಂಕ್ರಾನ್... ಅಯ್ಯೋ ರಾಮ, ಅದು ನಮ್ಮ ಸಂಕ್ರಾಂತಿ ಅಲ್ವೇನಮ್ಮ! ಸೌರಮಾನ ಯುಗಾದಿ! ನಮ್ಮ ಪದಾನ ಅಲ್ಲಿಗೆ ತಗೊಂಡ್ಹೋಗಿ ಹೀಗೆ ಮಾಡಿಟ್ಟಿದ್ದೀರಲ್ಲಾ!"

ಪರದೇಶಕ್ಕೆ ಹೋದ ನೆಂಟನೊಬ್ಬ ವೇಷ ಬದಲಿಸಿಕೊಂಡು ಮನೆಗೆ ಬಂದಷ್ಟು ಸಂತೋಷ ಅವರಿಗೆ. ಪಟ್ಟಿಯಲ್ಲಿಲ್ಲದಿದ್ದರೂ ಸ್ಥಳೀಯ ರಜಾ ಎಂದು ಕೆಂಪು ಮಸಿಯಲ್ಲಿ ಬರೆದರು. ಟಪಾಲು ಮುಗಿದ ಮೇಲೆ ಎಂಬ ಷರತ್ತನ್ನು ಮಿಸ್ಸಮ್ಮನೇ ಸೇರಿಸಿದರು.

ಆ ದಿನ ಬೆಳಿಗ್ಗೆ ನಾನೊಂದು ಪೆದ್ದು ಪ್ರಶ್ನೆ ಕೇಳಿದೆ. ರಂಗೂನು ಜಪಾನಿನವರ ಕೈಗೆ ಹೋಗಿ ಆಗ ಒಂದು ತಿಂಗಳಾಗಿತ್ತಷ್ಟೇ. "ಅಲ್ಲಿ ಅಂಥ ಕಷ್ಟ ಇರುವಾಗ ಹಬ್ಬ ಮಾಡ್ಬೇಕು ಅನ್ಸುತ್ತಾ ಮಿಸ್ಸಮ್ಮ?"

"ಅಲ್ಲಿ ಈ ವರ್ಷ ಯಾರೂ ಆಡೋದಿಲ್ಲ. ಯಾರಾದ್ರೂ ಆಡ್ಬೇಕಲ್ಲ?" ಎಂದರು.

ಹಬ್ಬ ಶುರುವಾಗುವುದು ಹಿರಿಯರ ತಲೆ ತೊಳೆಯುವುದರಿಂದ. ನನ್ನತ್ತೆಯನ್ನು ಛತ್ರದ ಬಾವಿಯ ಹತ್ತಿರ ಮಣೆಯ ಮೇಲೆ ಕೂರಿಸಿ, ಸೀಗೆಪುಡಿ ಹಚ್ಚಿ, ಬೆರಳಲ್ಲಿ ಒಂದೊಂದು ಎಳೆ ಬಿಡಿಸಿ ತೊಳೆದರು. ಅತ್ತೆ ಮೊದಲು "ಬೇಡಿ ಮಿಸ್ಸಮ್ಮ, ಬಿಡಿ ಮಿಸ್ಸಮ್ಮ" ಎನ್ನುತ್ತಿದ್ದವರು ಆಮೇಲೆ ತಾವೇ ತಲೆ ಬಗ್ಗಿಸಿ ಕೊಟ್ಟರು. "ನಮ್ಮವ್ವ ಹೋದ್ಮೇಲೆ ಯಾರೂ ನನ್ ತಲೆಗೆ ನೀರ್ ಹಾಕಿರ್ಲಿಲ್ಲ" ಎಂದರು. ಮಿಸ್ಸಮ್ಮ ಕೊನೆಯ ತಂಬಿಗೆ ನೀರು ಹುಯ್ದರು. ಆಮೇಲೆ ಮತ್ತೊಂದು ತಂಬಿಗೆ ತುಂಬಿ, ಸದ್ದಿಲ್ಲದೆ ನನ್ನ ಹಿಂದೆ ಬಂದು, ಕತ್ತಿನ ಮೇಲೆ ಸುರಿದು ಓಡಿದರು. ಅವರಿಗೆ ಆಗ ಮೂವತ್ತೈದು ಇರಬೇಕು. ಹಾಗೆ ಓಡುವ ಮೂವತ್ತೈದರ ಹೆಂಗಸನ್ನು ದೇವನಹಳ್ಳಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಮೂರನೇ ವರ್ಷದ ಹೊತ್ತಿಗೆ ತಿಂಜಾನ್ ಊರಿನ ಹಬ್ಬವೇ ಆಗಿತ್ತು. ಬೀದಿಯ ಮಕ್ಕಳೆಲ್ಲ ವಾರಕ್ಕೆ ಮುಂಚೆಯೇ ಬಿದಿರಿನ ಪಿಚಕಾರಿ ಸಿದ್ಧ ಮಾಡಿಕೊಳ್ಳುತ್ತಿದ್ದರು. ತಲೆಗೆ ಮುಡಿಯಲು ಅವರ ಊರಿನ ಹಳದಿ ಹೂ ಸಿಗದೆ ಮಿಸ್ಸಮ್ಮ ಕಕ್ಕೆಹೂವಿನ ಗೊಂಚಲು ಸಿಕ್ಕಿಸಿಕೊಳ್ಳುತ್ತಿದ್ದರು. ಅದನ್ನು ನೋಡಿ ಬೀದಿಯ ಹುಡುಗಿಯರೂ ಕಕ್ಕೆಹೂವಿಗೆ ಮುಗಿಬಿದ್ದರು. ನಾನು ಹೇಳಹೊರಟಿರುವುದು ಆ ಮೂರನೇ ವರ್ಷದ ಹಬ್ಬದ ದಿನ ನಡೆದದ್ದನ್ನು.

ಟಪಾಲು ಬೇಗ ಮುಗಿದಿತ್ತು. ಮಿಸ್ಸಮ್ಮ, ಅತ್ತೆ ಇಬ್ಬರೂ ಛತ್ರದ ಅಂಗಳದಲ್ಲಿ ಒಲೆ ಹೂಡಿ ಉಂಡೆ ಬೇಯಿಸುತ್ತಿದ್ದರು. ಅಕ್ಕಿಹಿಟ್ಟಿನ ಪುಟ್ಟ ಉಂಡೆ, ಒಳಗೆ ಬೆಲ್ಲದ ಚೂರು. ಕುದಿಯುವ ನೀರಿಗೆ ಬಿಟ್ಟರೆ ಬೆಂದು ತೇಲಿ ಬರಬೇಕು. ಹಿಂದಿನ ಎರಡು ವರ್ಷವೂ ಅವು ತೇಲುವ ಬದಲು ಕರಗಿ ಗಂಜಿಯಾಗಿದ್ದವು. ಅವರ ಕಡೆಯ ಅಂಟು ಅಕ್ಕಿ ನಮ್ಮಲ್ಲಿ ಎಲ್ಲಿ ಬರಬೇಕು? ಈ ಸಲ ಅತ್ತೆ, "ನಮ್ ಕಡುಬಿಗೆ ಮಾಡೋ ಹಂಗೆ ಹಿಟ್ಟು ಉಕ್ಕರಿಸ್ಕೊಂಡು ಮಾಡ್ರಿ, ಹೆಂಗೆ ಒಡೀತದೆ ನೋಡ್ತೀನಿ" ಎಂದು ತಾವೇ ಕೂತಿದ್ದರು. ಮೊದಲ ಉಂಡೆ ತೇಲಿ ಬಂದಾಗ ಮಿಸ್ಸಮ್ಮ ಕೂಗಿದ ಕೂಗಿಗೆ ಹೆಡ್ ಗುಮಾಸ್ತರು ಹೊರಗೆ ಓಡಿಬಂದರು.

ಆಗಲೇ ಬಾಗಿಲಲ್ಲಿ ಇಬ್ಬರು ಬಂದು ನಿಂತರು. ಸಮೇತನಹಳ್ಳಿಯ ರೈತ ಮನೆತನದ ಒಬ್ಬರು ಮತ್ತು ಅವರ ಮಗಳು ಜಯಮ್ಮ. ತಂದೆ ರಂಗೂನಿನ ಅಕ್ಕಿ ಗಿರಣಿಯೊಂದರಲ್ಲಿ ಮೇಸ್ತ್ರಿಯಾಗಿದ್ದವರು. ಮಗಳು ಅಲ್ಲಿ ಇಂಟರ್‌ಮೀಡಿಯೆಟ್ ಮೊದಲ ವರ್ಷ ಮುಗಿಸಿದ್ದಳು. ನಡೆದು ಬರುವಾಗ ತಾಯಿ ದಾರಿಯಲ್ಲೇ ತೀರಿಹೋಗಿದ್ದರು. ಎರಡು ವರ್ಷ ಹೊಲದ ಕೆಲಸದ ನಡುವೆ ಓದಿಕೊಂಡು ಜಯಮ್ಮ ಎರಡನೇ ವರ್ಷದ ಪರೀಕ್ಷೆಗೆ ಕಟ್ಟಿದ್ದಳು. ಪರೀಕ್ಷೆ ಮರುದಿನವೇ ಶುರು. ಮೊದಲ ವರ್ಷ ಓದಿದ್ದಕ್ಕೆ ವಿನಿಮಯ ಕಚೇರಿಯ ಕಾಗದ ಇವತ್ತು ಸಂಜೆ ಐದರೊಳಗೆ ಬರದಿದ್ದರೆ ಕೂರಿಸುವುದಿಲ್ಲವೆಂದು ನಿನ್ನೆ ಬೆಂಗಳೂರಿನಲ್ಲಿ ಹೇಳಿದ್ದರಂತೆ.

ಮಿಸ್ಸಮ್ಮ ಒದ್ದೆ ಕೈ ಒರೆಸಿಕೊಂಡು ಮೇಜಿಗೆ ಬಂದರು. ಲೈಬ್ರರಿಯ ಮುಂದಿನ ಮರ ಕೇಳಿದರು.

"ಗೊತ್ತಿಲ್ಲ" ಎಂದಳು ಜಯಮ್ಮ.

ಬೀಜ ಮಾರುವವನು?

"ನೆನಪಿಲ್ಲ."

ಮೇಷ್ಟ್ರು? ತರಗತಿ? ಪಕ್ಕ ಕೂರುತ್ತಿದ್ದವಳ ಹೆಸರು?

ಹುಡುಗಿ ತಲೆ ಬಗ್ಗಿಸಿ ಕೂತಿದ್ದಳು. ಬೆವರಲಿಲ್ಲ, ಅಳಲಿಲ್ಲ. ಮಂಕು ಹಿಡಿದವರಂತೆ ಕೈಬೆರಳನ್ನೇ ನೋಡುತ್ತಿದ್ದಳು. ತಂದೆ ಕೈಮುಗಿದರು. "ಅಲ್ಲೀದು ಏನ್ ಕೇಳಿದ್ರೂ ಇಂಗೇ ತಾಯಿ. ಅವ್ರವ್ವ ತೀರ್ಕೊಂಡ್ಮೇಲೆ ರಂಗೂನು ಅಂತ ಒಂದ್ ಮಾತೂ ಬಾಯಿಂದ ಬಂದಿಲ್ಲ. ಓದಿರೋದು ನಿಜ, ನಮ್ಮಪ್ಪನಾಣೆ."

"ನಂಬ್ತೀನಿ ಅಣ್ಣ. ಆದರೆ ಕಾಗದದಲ್ಲಿ 'ಅಪ್ಪ ಹೇಳಿದ್ರು' ಅಂತ ಬರೆಯೋಕೆ ಆಗಲ್ಲ. 'ನಾನು ವಿಚಾರಿಸಿದೆ, ನನಗೆ ಖಾತ್ರಿ ಆಯ್ತು' ಅಂತ ಬರೀಬೇಕು" ಎಂದರು ಮಿಸ್ಸಮ್ಮ. ಅವರ ಮುಖದಲ್ಲಿ ನಗು ಇರಲಿಲ್ಲ. ಅಷ್ಟು ದಿನದಲ್ಲಿ ಅವರು ಒಂದು ಸುಳ್ಳು ಕಾಗದಕ್ಕೂ ರುಜು ಹಾಕಿರಲಿಲ್ಲ. ಒಂದು ಸುಳ್ಳು ಹೊರಬಿದ್ದರೆ ಆಮೇಲೆ ನಿಜ ಹೇಳುವ ನೂರು ಮಕ್ಕಳ ಕಾಗದವನ್ನೂ ಯಾರೂ ನಂಬುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಒಂದೂವರೆಯ ರೈಲಿಗೆ ಇನ್ನು ಒಂದೂಕಾಲು ಗಂಟೆ. ಸಂಜೆಯೊಳಗೆ ಬೆಂಗಳೂರು ಮುಟ್ಟಲು ಅದು ಬಿಟ್ಟರೆ ಬೇರೆ ಗಾಡಿಯಿಲ್ಲ. ಮಿಸ್ಸಮ್ಮ ಎದ್ದು ಹೊರಗೆ ಹೋದರು. ಹೋದವರು ಬಾಳೆ ಎಲೆಯ ಮೇಲೆ ಐದಾರು ಉಂಡೆ ಇಟ್ಟು, ಮೇಲೆ ಕಾಯಿತುರಿ ಉದುರಿಸಿ ತಂದರು.

"ತಿನ್ನು. ಕೆಲಸ ಆಗದಿದ್ರೂ ಹಬ್ಬ ಆಗ್ಲಿ."

ಅವರಿಗೆ ಬೇರೆ ಉದ್ದೇಶವಿರಲಿಲ್ಲ. ಬಿಸಿಲಲ್ಲಿ ಬಂದ ಹುಡುಗಿ ಹಸಿದುಕೊಂಡು ಹೋಗಬಾರದು ಅಷ್ಟೇ.

ಜಯಮ್ಮ ಒಂದು ಉಂಡೆ ಎತ್ತಿಕೊಂಡಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ಬೆಳಕಿಗೆ ಹಿಡಿದಳು. ಅದನ್ನಿಟ್ಟು ಇನ್ನೊಂದನ್ನು ಎತ್ತಿಕೊಂಡು ಅದನ್ನೂ ಒತ್ತಿದಳು. ಆಮೇಲೆ ತಲೆಯೆತ್ತಿ ಕೇಳಿದಳು:

"ಮೆಣಸಿನಕಾಯಿ ಇರೋದು ಯಾವುದು?"

ನನಗೆ ಏನೂ ಅರ್ಥವಾಗಲಿಲ್ಲ. ಮಿಸ್ಸಮ್ಮ ಮಾತ್ರ ಎರಡೂ ಕೈಯಿಂದ ಮೇಜು ಬಡಿದು ಕಿರುಚಿದರು. ಅವರ ಊರಿನಲ್ಲಿ ಆ ಉಂಡೆಗಳಲ್ಲಿ ಒಂದೆರಡಕ್ಕೆ ಬೆಲ್ಲದ ಬದಲು ಹಸಿಮೆಣಸಿನಕಾಯಿ ಇಟ್ಟು ಸ್ನೇಹಿತರನ್ನು ಸಿಕ್ಕಿಸಿಹಾಕುವುದುಂಟಂತೆ. ತಿಂಜಾನಿನಲ್ಲಿ ಅಂಥ ಉಂಡೆ ಕಚ್ಚಿ ಕಣ್ಣೀರು ಸುರಿಸಿದವರಿಗಲ್ಲದೆ ಇನ್ನಾರಿಗೂ ಅದು ಹೊಳೆಯುವ ಮಾತಲ್ಲ. ಅವರು ಬರ್ಮಾ ಮಾತಿನಲ್ಲಿ ಏನೋ ಕೇಳಿದರು. ಜಯಮ್ಮನ ತುಟಿ ಒಂದು ಸಲ ಅಲುಗಿತು. ಮೆಲ್ಲಗೆ, ತಡವರಿಸುತ್ತ, ಅದೇ ಮಾತಿನಲ್ಲಿ ಉತ್ತರ ಕೊಟ್ಟಳು. ಆಮೇಲೆ ಇನ್ನೊಂದು. ಆಮೇಲೆ ಬರ್ಮಾ ಮಾತೂ ಕನ್ನಡವೂ ಬೆರೆತು ಬಂದವು, ತಡೆಯಲು ಯಾರಿಂದಲೂ ಆಗಲಿಲ್ಲ. ಹಾಸ್ಟೆಲಿನಲ್ಲಿ ಯಾರ ಉಂಡೆಯಲ್ಲಿ ಮೆಣಸಿನಕಾಯಿ ಇತ್ತು, ಅದನ್ನು ಅರಿಯದೆ ಕಚ್ಚಿದ ವಾರ್ಡನ್ನು ಹೇಗೆ ಕುಣಿದರು, ಯಾರ ಮೇಲೆ ನೀರು ಹಾಕಲು ಹೋಗಿ ರಸಾಯನಶಾಸ್ತ್ರದ ಮೇಷ್ಟ್ರ ಮೇಲೆ ಬಿತ್ತು, ಅವರಿಗೆ ಸಿಟ್ಟು ಬಂದರೆ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಬಯ್ಯುತ್ತಿದ್ದದ್ದು, ಲೈಬ್ರರಿಯ ಮುಂದಿನ ಮರದಡಿ ಪುಸ್ತಕ ಒಣಗಲು ಹಾಕಿದ್ದು. ನಗುತ್ತ ಹೇಳುತ್ತಿದ್ದಳು, ಹೇಳುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳ ತಂದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು.

"ಟೈಪು!" ಎಂದರು ಮಿಸ್ಸಮ್ಮ.

ನಾನು ಮಿಷನ್ನಿನ ಮುಂದೆ ಕೂತೆ. ತೊಂದರೆಯೆಂದರೆ ಅಷ್ಟು ಹೊತ್ತಿಗೆ ಬೀದಿಯ ಮಕ್ಕಳ ಸೈನ್ಯ ಛತ್ರಕ್ಕೆ ಮುತ್ತಿಗೆ ಹಾಕಿತ್ತು. ಒಂದೊಂದು ಕಿಟಕಿಗೂ ನಾಲ್ಕು ಪಿಚಕಾರಿ. ಮೊದಲ ಹಾಳೆಯಲ್ಲಿ ಮೂರು ಸಾಲು ಹೊಡೆಯುವುದರೊಳಗೆ ಅದು ಒದ್ದೆ ಬಟ್ಟೆಯಾಯಿತು. ಕಿಟಕಿ ಮುಚ್ಚೋಣವೆಂದರೆ ಛತ್ರದ ಕಿಟಕಿಗೆ ಬಾಗಿಲೇ ಇಲ್ಲ. ಎರಡನೇ ಹಾಳೆ ಪೂರ್ತಿಯಾದ ಮೇಲೆ ರುಜು ಹಾಕಲು ಬಗ್ಗಿದ ಮಿಸ್ಸಮ್ಮನ ತಲೆಗೂದಲಿನಿಂದ ನೀರು ತೊಟ್ಟಿಕ್ಕಿ, ರುಜು ಹರಡಿ ಜೇಡರಹುಳದಂತಾಯಿತು. ಹೆಡ್ ಗುಮಾಸ್ತರು ಗಡಿಯಾರ ನೋಡಿದರು, ನಿಟ್ಟುಸಿರಿಟ್ಟರು, ಕಂಕುಳಿಂದ ಕೊಡೆ ತೆಗೆದು ಬಿಚ್ಚಿ, ನನ್ನ ಮೇಲೂ ಟೈಪ್‌ರೈಟರಿನ ಮೇಲೂ ಹಿಡಿದು ನಿಂತರು.

"ಹೊಡಿಯಮ್ಮ. ನಾನು ಹಿಡ್ಕೊಂಡಿದೀನಿ. ತಪ್ಪಿಲ್ಲದೆ ಹೊಡಿ."

ಅವರ ಬೆನ್ನಿಗೆ ಪಿಚಕಾರಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. ಅವರು ಅಲುಗಲಿಲ್ಲ. ಹಿಂದೆ ಅತ್ತೆ ಸೌಟು ಹಿಡಿದುಕೊಂಡು ಮಕ್ಕಳನ್ನು ಅಟ್ಟುತ್ತಿದ್ದರು, ಜಯಮ್ಮ ಸೆರಗಿನಿಂದ ಮಿಸ್ಸಮ್ಮನ ತಲೆ ಒರೆಸುತ್ತಿದ್ದಳು, ಮಿಸ್ಸಮ್ಮ "ಬೇಗ ಟೈಪು, ಬೇಗ" ಎಂದು ಕುಣಿಯುತ್ತಿದ್ದರು. ನನ್ನ ಜೀವಮಾನದಲ್ಲಿ ಅಷ್ಟು ನಗುತ್ತ ಅಷ್ಟು ತಪ್ಪಿಲ್ಲದ ಕಾಗದ ಮತ್ತೆ ಹೊಡೆಯಲಿಲ್ಲ.

ರುಜು ಬಿತ್ತು, ಮೊಹರು ಬಿತ್ತು. ಕಾಗದವನ್ನು ಕಚೇರಿಯವರೇ ಒಯ್ದು ಕೊಡಬೇಕಾದ್ದರಿಂದ ಹೆಡ್ ಗುಮಾಸ್ತರೇ ಹೊರಟರು. ಆದರೆ ಛತ್ರದಿಂದ ಸ್ಟೇಷನ್ನಿನವರೆಗೂ ಬೀದಿಯುದ್ದಕ್ಕೂ ನೀರು. ಅವರು ಒಂದು ಗಳಿಗೆ ಯೋಚಿಸಿ, ರುಮಾಲು ತೆಗೆದು, ಲಕೋಟೆಯನ್ನು ನೆತ್ತಿಯ ಮೇಲಿಟ್ಟು, ಮೇಲೆ ರುಮಾಲು ಬಿಗಿದು, ಅದರ ಮೇಲೆ ಕೊಡೆ ಹಿಡಿದರು. ಜಟಕಾ ಹೊರಟಿತು. ಆಚೆ ಈಚೆ ಜಯಮ್ಮ, ಅವಳ ತಂದೆ, ನಡುವೆ ಹೆಡ್ ಗುಮಾಸ್ತರು ಬೆನ್ನು ಸೆಟೆಸಿಕೊಂಡು. ಹಿಂದೆ ಇಡೀ ಬೀದಿಯ ಮಕ್ಕಳು. ಮರುದಿನ ಹೆಡ್ ಗುಮಾಸ್ತರು ಬಂದು ಹೇಳಿದರು: ಕೋಟು ಹಿಂಡಿದರೆ ಒಂದು ಕೊಡ ನೀರು ಬಂತಂತೆ, ಕಾಗದದ ಮೇಲೆ ಒಂದು ಹನಿಯಿಲ್ಲವಂತೆ. ಬೆಂಗಳೂರಿನ ಕಚೇರಿಯಲ್ಲಿ ಸಾಹೇಬರ ಎದುರಿಗೆ ರುಮಾಲು ಬಿಚ್ಚಿ ಲಕೋಟೆ ತೆಗೆದುಕೊಟ್ಟಾಗ, ಅವರು ಎದ್ದು ನಿಂತು ಇಸಿದುಕೊಂಡರಂತೆ. ಜಯಮ್ಮ ಪರೀಕ್ಷೆ ಬರೆದಳು. ಪಾಸಾದಳು. ಮುಂದೆ ಹೊಸಕೋಟೆಯಲ್ಲಿ ಬಹಳ ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದಳು.

ಹೀಗೆ ಬೇರೆಯವರ ಕಾಗದ ಓಡಿಸುತ್ತಲೇ ಮಿಸ್ಸಮ್ಮನಿಗೆ ನಾಲ್ಕು ವರ್ಷವಾಗುತ್ತ ಬಂತು. ಅವರ ಹೆಸರಿಗೆ ಮಾತ್ರ ಒಂದು ಕಾಗದವೂ ಇಲ್ಲ. ಆ ವಿಷಯ ಅ‌ವರು ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಟಪಾಲು ಚೀಲ ಬಂದಾಗ ಅವರು ಬಾವಿಯ ಕಡೆ ಹೋಗಿ ಕೈಕಾಲು ತೊಳೆದುಕೊಂಡು ಬರುತ್ತಿದ್ದರು. ಚೀಲ ಬಿಚ್ಚುತ್ತಿದ್ದದ್ದು ನಾನು.

ಯುದ್ಧ ಮುಗಿದ ವರ್ಷ, ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಹಬ್ಬ ಯಾವುದೂ ಇಲ್ಲದ ಒಂದು ಸಪ್ಪೆ ದಿನ. ನಾನು ಅಭ್ಯಾಸದಂತೆ ಒಂದೊಂದೇ ಲಕೋಟೆಯ ಮೇಲೆ 'ಸ್ವೀಕರಿಸಲಾಗಿದೆ' ಎಂಬ ಮೊಹರು ಒತ್ತುತ್ತ ಹೋಗುತ್ತಿದ್ದೆ. ಒಂದರ ಮೇಲೆ ಒತ್ತಿದ ನಂತರ ನೋಡಿದೆ. ವಿಳಾಸ ಇಂಗ್ಲಿಷಿನಲ್ಲಿ, ಅದರ ಕೆಳಗೆ ಕೋಡುಬಳೆ ಜೋಡಿಸಿಟ್ಟಂಥ ದುಂಡು ದುಂಡು ಅಕ್ಷರ. ಮಿಸ್ಸಮ್ಮ ಬಾವಿಯಿಂದ ಬಂದರು. ನಾನು ಆ ಲಕೋಟೆ ಕೊಟ್ಟೆ.

ನಿಂತೇ ಓದಿದರು. ಒಂದು ಸಲ ಓದಿ ಮುಗಿಸಿ ಇನ್ನೊಂದು ಸಲ ಓದಿದರು. ಆಮೇಲೆ ಹೆಡ್ ಗುಮಾಸ್ತರ ಕಡೆ ತಿರುಗಿ, "ಇವತ್ತು ರಜಾ" ಎಂದರು.

"ಯಾವ ಹಬ್ಬ ಮೇಡಂ?" ಎಂದರು ಅವರು, ತಲೆಯೆತ್ತದೆ.

"ನಮ್ಮಮ್ಮ ಇದ್ದಾರೆ."

ಹೆಡ್ ಗುಮಾಸ್ತರು ತಲೆಯೆತ್ತಿದರು. ಪಂಚಾಂಗ ತೆಗೆಯಲಿಲ್ಲ, ಪಟ್ಟಿ ನೋಡಲಿಲ್ಲ. ಹಾಜರಿ ಪುಸ್ತಕ ಎಳೆದುಕೊಂಡು, ಲೇಖನಿಯನ್ನು ಕೆಂಪು ಮಸಿಯಲ್ಲಿ ಅದ್ದಿ, 'ರಜಾ' ಎಂದು ಬರೆದರು. ಕಾರಣದ ಮನೆಯಲ್ಲಿ ಏನು ಬರೆದರೆಂದು ನಾನು ಆಮೇಲೆ ನೋಡಿದೆ. 'ಮೇಡಂ ಅವರ ತಾಯಿಯವರು ಕ್ಷೇಮ' ಎಂದಿತ್ತು. ಆ ದಿನದ ಟಪಾಲಿಗೆ ಉತ್ತರಗಳನ್ನು ಅವರೊಬ್ಬರೇ ಕೂತು ಬರೆದರು.

ಮಿಸ್ಸಮ್ಮ ನನ್ನ ಕೈ ಹಿಡಿದುಕೊಂಡು ಬೀದಿಗೆ ಬಂದರು. ಎದುರು ಮನೆಯ ಜಗಲಿಯಲ್ಲಿದ್ದ ಅತ್ತೆಗೆ ಹೇಳಿದರು. ಅತ್ತೆ ಅವರ ಎರಡೂ ಕೆನ್ನೆ ಹಿಡಿದು ನೆಟಿಗೆ ಮುರಿದರು. ಜಟಕಾ ಸಾಬರಿಗೆ ಹೇಳಿದರು. ಹೂವಿನವಳಿಗೆ, ಬಳೆಯವನಿಗೆ, ಗುಡಿಯ ಅರ್ಚಕರಿಗೆ. ಅಂದು ಸಂತೆ. ಗುರುತಿದ್ದವರಿಗೆಲ್ಲ ಹೇಳಿ ಮುಗಿದ ಮೇಲೆ ಗುರುತಿಲ್ಲದವರಿಗೆ ಹೇಳತೊಡಗಿದರು. ಸಂತೆಯ ಕೊನೆಯಲ್ಲಿ ಸೊಪ್ಪಿನ ಕಂತೆ ಹರಡಿಕೊಂಡು ಕೂತಿದ್ದ ಒಬ್ಬ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅಜ್ಜೀ, ನಮ್ಮಮ್ಮ ಇದ್ದಾರೆ!" ಎಂದರು. ಆ ಅಜ್ಜಿಗೆ ಇವರು ಯಾರೋ, ಯಾವ ಊರೋ.

"ಅವ್ಳಾ? ಎಲ್ಲವ್ಳೆ?"

"ರಂಗೂನಲ್ಲಿ. ನಮ್ಮೂರಲ್ಲಿ."

"ಅವ್ವ ಊರಲ್ಲವ್ಳೆ ಅಂದ್ಮೇಲೆ ನೀನ್ ಇಲ್ಲೇನ್ ಮಾಡ್ತಿದೀಯ? ಓಗು ಮಗಾ."

ಮಿಸ್ಸಮ್ಮನ ನಗು ಅಲ್ಲಿಗೆ ನಿಂತಿತು. ನನ್ನದೂ. ಅಷ್ಟು ಹೊತ್ತಿನಿಂದ ಇಡೀ ಊರಿಗೆ ಹೇಳಿಕೊಂಡು ಬಂದಿದ್ದೆವು, ಒಬ್ಬರೂ ಈ ಮಾತು ಅಂದಿರಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ಸೊಪ್ಪಿನ ಕಂತೆ ನೋಡಿದೆ.

"ಹೋಗ್ತೀನಿ ಅಜ್ಜಿ. ಹಡಗು ಸಿಕ್ಕಿದ ತಕ್ಷಣ ಹೋಗ್ತೀನಿ."

"ಅಡಗೂ ಗಿಡಗೂ ನಂಗೊತ್ತಿಲ್ಲ. ತಗೋ, ಇದ್ನ ಎತ್ಕೊಂಡೋಗು. ನಿಮ್ಮವ್ವಂಗೆ ಬಸ್ಸಾರು ಮಾಡಾಕು" ಎಂದು ಅಜ್ಜಿ ಎರಡು ದೊಡ್ಡ ಕಂತೆ ದಂಟಿನ ಸೊಪ್ಪು ಅವರ ತೋಳಿಗೆ ತುರುಕಿದಳು.

ಮಿಸ್ಸಮ್ಮ ಬೇಡವೆನ್ನಲಿಲ್ಲ. ಎರಡೂ ಕಂತೆಯನ್ನು ಎದೆಗೆ ಅವಚಿಕೊಂಡು ಎದ್ದರು. ಬೇರಿನ ಮಣ್ಣು ಅವರ ರೇಷ್ಮೆ ರವಿಕೆಗೆಲ್ಲ ಅಂಟಿತು. ಕೋಟೆಯ ಬಾಗಿಲಿನ ಹತ್ತಿರ ಯಾರೋ ಹೆಂಗಸು ನಿಲ್ಲಿಸಿ, ಇಷ್ಟೊಂದು ಸೊಪ್ಪು ಯಾತಕ್ಕೆ ಎಂದು ಕೇಳಿದಳು.

"ಅಮ್ಮನಿಗೆ" ಎಂದರು ಮಿಸ್ಸಮ್ಮ.

"ಯಾಕೆ ತಾಯಿ, ಹುಷಾರಿಲ್ವಾ ಅವ್ರಿಗೆ?"

"ಇಲ್ಲ ಇಲ್ಲ, ಚೆನ್ನಾಗಿದ್ದಾರೆ" ಎಂದರು. ಅವರ ಕಣ್ಣು ಪೂರ್ತಿ ಮುಚ್ಚಿಹೋಯಿತು. "ತುಂಬಾ ಚೆನ್ನಾಗಿದ್ದಾರೆ."